ಬೇರಿನ ನೆಂಟನನ್ನು ಉಳಿಸೋಣ

ಮಳೆ ಹಿಡಿಯುವ ಮುನ್ನ ಒಮ್ಮೆ, ಮತ್ತೆ ಒಂದೂವರೆ ತಿಂಗಳಲ್ಲಿ ಇನ್ನೊಮ್ಮೆ ಅಡಿಕೆ ತೋಟಕ್ಕೆ ಮದ್ದು ಬಿಡುವುದು ನಮ್ಮ ಕೃಷಿಕರಿಗೆ ಹಿರಿಯರಿಂದ ಬಂದ ರೂಢಿ. ಕೊಳೆರೋಗದಿಂದ ಫಸಲು ಉಳಿಸಿಕೊಳ್ಳಲು ಬೋರ್ಡೋ ದ್ರಾವಣ ಬೇಕೇ ಬೇಕು. ಅದನ್ನು ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ಆದರೆ 100 ಲೀಟರ್ ದ್ರಾವಣಕ್ಕೆ ಹಾಕುವ 1 ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಅದರ ಬಹುಪಾಲು ಮಳೆಯಲ್ಲಿ ತೊಳೆದು ಮಣ್ಣು ಸೇರುತ್ತದೆ. ಸೊಪ್ಪಿನಂತೆ ಕೊಳೆತು ಹೋಗುವ ವಸ್ತು ಅದಲ್ಲ. ಗಿಡಕ್ಕೆ ತಾಮ್ರ ಅತ್ಯಲ್ಪ ಸಾಕು; ಮಿತಿ ಮೀರಿದರೆ ಎಳೆಬೇರು ಸೊರಗುತ್ತದೆ. ನಮ್ಮ ಮುರಕಲ್ಲು ನೆಲದ ಹುಳಿಮಣ್ಣಿನಲ್ಲಿ ಈ ಅಪಾಯ ಹೆಚ್ಚು.

ಇಲ್ಲಿ ಗಿಡದ ನೆರವಿಗೆ ಬರುವುದು ಬೇರಿನಲ್ಲೇ ವಾಸಿಸುವ ಶಿಲೀಂಧ್ರ. ಎಲ್ಲ ಶಿಲೀಂಧ್ರಗಳೂ ರೋಗ ತರುವುದಿಲ್ಲ. 1885ರಲ್ಲಿ ಜರ್ಮನಿಯ ವಿಜ್ಞಾನಿ ಫ್ರಾಂಕ್ ಮೈಕೋರೈಜಾ ಎಂದು ಹೆಸರಿಟ್ಟ ಈ ನಂಟು ಅಡಿಕೆ, ತೆಂಗು, ಕಾಳುಮೆಣಸುಗಳಲ್ಲೂ ಇದೆ. ಗಿಡ ಸಕ್ಕರೆ ಕೊಡುತ್ತದೆ. ಶಿಲೀಂಧ್ರ ಕೂದಲಿಗಿಂತ ನವಿರಾದ ಎಳೆಗಳನ್ನು ಮಣ್ಣಿನಲ್ಲಿ ಹಬ್ಬಿಸಿ ರಂಜಕವನ್ನೂ ನೀರನ್ನೂ ತಂದುಕೊಡುತ್ತದೆ. ಲೋಹ ಹೆಚ್ಚಾದಾಗ ಒಂದು ಪಾಲು ಆ ಎಳೆಗಳ ಗೋಡೆಗೇ ಅಂಟಿಕೊಳ್ಳುತ್ತದೆ. ಇನ್ನೊಂದು ಪಾಲನ್ನು ಶಿಲೀಂಧ್ರ ತನ್ನ ಕೋಶಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹೀಗೆ ಗಿಡದ ಮೇಲ್ಭಾಗಕ್ಕೆ ಏರುವ ಲೋಹ ಕಡಿಮೆಯಾಗುವುದು ಅನೇಕ ಬೆಳೆಗಳಲ್ಲಿ ಕಂಡುಬಂದಿದೆ. ರಂಜಕ ಚೆನ್ನಾಗಿ ದೊರೆತ ಗಿಡಕ್ಕೆ ತಾಳಿಕೆಯೂ ಹೆಚ್ಚು.

ಆದರೆ ಈ ನೆಂಟನ ಶಕ್ತಿಗೂ ಮಿತಿಯಿದೆ. ಶಿಲೀಂಧ್ರ ಲೋಹವನ್ನು ಹಿಡಿದಿಡಬಲ್ಲುದೇ ಹೊರತು ಇಲ್ಲವಾಗಿಸಲಾರದು. ತಾಮ್ರ ಅತಿಯಾದರೆ ಅದೂ ನಶಿಸುತ್ತದೆ. ಮೈಲುತುತ್ತು ಶಿಲೀಂಧ್ರನಾಶಕವಲ್ಲವೇ? ರಂಜಕದ ರಸಗೊಬ್ಬರವನ್ನು ಬೇಕಾಬಿಟ್ಟಿ ಸುರಿದರೂ, ಬುಡವನ್ನು ಪದೇ ಪದೇ ಅಗೆದರೂ ಈ ನಂಟು ಸಡಿಲುತ್ತದೆ.

ಆದುದರಿಂದ ಉಳಿದ ದ್ರಾವಣವನ್ನು ಮರದ ಬುಡಕ್ಕೆ ಚೆಲ್ಲಬಾರದು. ಮಣ್ಣು ಪರೀಕ್ಷಿಸಿ, ಹುಳಿ ಕಂಡಲ್ಲಿ ಸುಣ್ಣ ಹಾಕಬೇಕು. ಸೊಪ್ಪು, ಹಟ್ಟಿಗೊಬ್ಬರಗಳಿಂದ ಬುಡ ಮುಚ್ಚಬೇಕು. ಇದು ಕೃಷಿಕರ ಪಾಲಿನ ಕೆಲಸ.

ಸರಕಾರದ ಪಾಲೂ ಇದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡು ಯೋಜನೆಯ 12 ಅಂಶಗಳಲ್ಲಿ ತಾಮ್ರವೂ ಒಂದು. ಅದರ ಕೊರತೆಯನ್ನಷ್ಟೇ ಅಲ್ಲ, ಅತಿಯನ್ನೂ ಕೃಷಿಕರಿಗೆ ವಿವರಿಸಬೇಕು. ಕನ್ನಡ ಕೃಷಿಕರಿಗೆ ಕನ್ನಡದಲ್ಲೇ ವಿವರಿಸಬೇಕು. ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲೇ ಇರುವಾಗ ಇದು ಅಸಾಧ್ಯವೇನಲ್ಲ.

2000ದವರೆಗೆ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಕಥೆಯನ್ನು ಈ ಜಿಲ್ಲೆ ಮರೆತಿಲ್ಲ. ಅದು ಬೇರೆ ವಿಷ, ಇದು ಬೇರೆ. ಆದರೆ ತಡವಾಗಿ ಎಚ್ಚರಗೊಂಡುದರ ಬೆಲೆ ಎಷ್ಟೆಂದು ಅದು ಕಲಿಸಿದೆ. ಮಣ್ಣಿನ ವಿಷಯದಲ್ಲಾದರೂ ಮೊದಲೇ ಎಚ್ಚರವಾಗೋಣ.