ಟ್ಯಾಗ್ ಮುಚ್ಚಿದರೆ ಸಾಕೇ? ಅರ್ಥ ಬೇಡವೇ?

ಪಡುಬಿದ್ರಿ ಪೇಟೆಯ ಮೀನಿನ ದರವನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯಬೇಕು ಅಂತಿಟ್ಟುಕೊಳ್ಳಿ. (ಎಕ್ಸ್‌ಎಂಎಲ್‌ನಲ್ಲಿ ಟ್ಯಾಗಿನ ಹೆಸರನ್ನು ಕನ್ನಡದಲ್ಲೇ ಇಡಬಹುದು, ಗೊತ್ತಿತ್ತಾ?)

<ದರ><ಮೀನು>ಬಂಗುಡೆ</ಮೀನು><ಬೆಲೆ>೨೦೦</ಬೆಲೆ></ದರ>

ಚೆನ್ನಾಗಿದೆ ಅಲ್ವಾ? ಈಗ ಇದನ್ನು ನೋಡಿ.

<ದರ><ಮೀನು>೨೦೦</ಮೀನು><ಬೆಲೆ>ಬಂಗುಡೆ</ಬೆಲೆ></ದರ>

ಇದೂ ಪಾಸ್! ತೆರೆದ ಟ್ಯಾಗುಗಳೆಲ್ಲ ಕ್ರಮವಾಗಿ ಮುಚ್ಚಿವೆ, ಹಾಗಾಗಿ ಕಂಪ್ಯೂಟರ್ ಚಕಾರ ಎತ್ತುವುದಿಲ್ಲ. ಬರೆಯುವ ಕ್ರಮ ಸಿಂಟ್ಯಾಕ್ಸ್, ಬರೆದದ್ದರ ಅರ್ಥ ಸೆಮ್ಯಾಂಟಿಕ್ಸ್. ಕ್ರಮ ಸರಿಯಿದ್ದ ಮಾತ್ರಕ್ಕೆ ಅರ್ಥ ಸರಿ ಅಂತ ಆಗುವುದಿಲ್ಲ. ಮೊದಲನೇ ಸಾಲಿನಲ್ಲೂ ೨೦೦ ರೂಪಾಯಿ ಕಿಲೋಗೋ ಬುಟ್ಟಿಗೋ ಅಂತ ಹೇಳಿಲ್ಲ ನೋಡಿ.

ವೆಬ್ ಪುಟ ಮಾಡುವವರು ಇವೆರಡರಲ್ಲಿ ಸಿಂಟ್ಯಾಕ್ಸಿಗೇ ಹೆಚ್ಚು ತಲೆ ಕೆಡಿಸಿಕೊಂಡದ್ದು. ವ್ಯಾಲಿಡೇಟರಿನಲ್ಲಿ ಹಸಿರು ಬಂದರೆ ಆಯ್ತು, ಕೆಲಸ ಮುಗಿಯಿತು! ನನ್ನ ಪ್ರಕಾರ ಇದು ತಿರುಗುಮುರುಗು. ಟ್ಯಾಗ್ ಮುಚ್ಚಲು ಮರೆತರೆ ಬ್ರೌಸರ್ ಹೇಗೋ ಸುಧಾರಿಸಿಕೊಳ್ಳುತ್ತದೆ. ಹೇಗೆ ಸುಧಾರಿಸಬೇಕು ಅನ್ನುವುದನ್ನು ಎಚ್‌ಟಿಎಂಎಲ್ ೫ರ ನಿಯಮಗಳಲ್ಲೇ ಬರೆದಿಟ್ಟಿದ್ದಾರೆ. ಆದರೆ ಅರ್ಥ ತಪ್ಪಿದರೆ? ಅದನ್ನು ಬರೆದವನೇ ತಿದ್ದಬೇಕು.

ಕನ್ನಡದವರು ಇದಕ್ಕೆ ಆಗಲೇ ಬೆಲೆ ತೆತ್ತಿದ್ದೇವೆ. ಹಳೆಯ ನುಡಿ, ಬರಹ ಕಾಲದ ಪುಟಗಳು ನೆನಪಿವೆಯಾ? ಫಾಂಟ್ ಟ್ಯಾಗ್ ಹಾಕಿದ್ದರಿಂದ ಪರದೆಯಲ್ಲಿ ‘ಕನ್ನಡ’ ಅಂತ ಕಾಣುತ್ತಿತ್ತು. ಒಳಗಿದ್ದದ್ದು ಮಾತ್ರ ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದ ಎ, ಪೌಂಡ್ ಚಿಹ್ನೆ...! ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬಣ್ಣ ಕಳಚಿದ ವೇಷದ ಹಾಗೆ ಅಸಲು ರೂಪ ಹೊರಬೀಳುತ್ತಿತ್ತು.

ಮಂಗಳೂರಿನ ಹತ್ತಿರದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರ ಕೀಲಿಮಣೆ ಅಕ್ಷರದ ತುಂಡುಗಳನ್ನು ಜೋಡಿಸುವುದನ್ನು ಬಿಟ್ಟು ಉಚ್ಚಾರಕ್ಕೆ ತಕ್ಕ ಹಾಗೆ ಟೈಪಿಸುವ ದಾರಿ ತೋರಿಸಿತ್ತು. ನುಡಿಯ ಕೀಲಿಮಣೆಗೂ ಅದೇ ಆಧಾರ. ತಮಾಷೆ ನೋಡಿ, ಬೆರಳು ಉಚ್ಚಾರವನ್ನೇ ಒತ್ತುತ್ತಿತ್ತು, ಕಡತದಲ್ಲಿ ಉಳಿಯುತ್ತಿದ್ದದ್ದು ಬರೀ ಆಕಾರ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ೧೯೯೧ರಲ್ಲೇ ಜಾಗ ಸಿಕ್ಕಿತ್ತು. ೧೯೯೭ರ ಎಚ್‌ಟಿಎಂಎಲ್ ೪, ಫಾಂಟ್ ಟ್ಯಾಗ್ ಬಿಟ್ಟುಬಿಡಿ ಅಂತ ಹೇಳಿತ್ತು. ಆದರೂ ಎಷ್ಟೋ ವರ್ಷ ‘ಕಂಡರೆ ಸಾಕು’ ಅಂತಲೇ ಕೂತೆವು. ಆಗ ಡಿಟಿಪಿ ಮಾಡಿದ ಸ್ಮರಣ ಸಂಚಿಕೆಗಳನ್ನು ಇವತ್ತು ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕಗಳಿವೆ ನಿಜ. ಆದರೆ ಫಾಂಟಿನ ಗುರುತು ಅಳಿಸಿಹೋಗಿದ್ದರೆ ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಅವು ಕನ್ನಡ ಅಂತ ತಿಳಿದು ಕಲಸುಮೇಲೋಗರ ಮಾಡುತ್ತವೆ.

ಈಗ ಎಲ್ಲ ಯೂನಿಕೋಡ್ ಆಯ್ತಲ್ಲ, ಇನ್ನೇನು ತೊಂದರೆ ಅಂತೀರಾ? ನಮ್ಮ ಕರಾವಳಿಯಲ್ಲಿ ಅದೇ ರೋಗ ಬೇರೆ ರೂಪದಲ್ಲಿ ಇದೆ. ಈ ಎರಡು ಪದ ಓದಿ:

ಎಲ್ಲೆ ಬಲೆ

ಕನ್ನಡದಲ್ಲಿ ಎಲ್ಲೆ ಅಂದರೆ ಗಡಿ, ಬಲೆ ಅಂದರೆ ಮೀನು ಹಿಡಿಯುವ ಬಲೆ. ತುಳುವಿನಲ್ಲಿ? ‘ನಾಳೆ ಬನ್ನಿ’! ಅಕ್ಷರಗಳು ಅವೇ, ಯೂನಿಕೋಡ್ ಸಂಕೇತಗಳೂ ಅವೇ, ಅರ್ಥ ಮಾತ್ರ ಬೇರೆ. ಅಕ್ಷರ ನೋಡಿ ಭಾಷೆ ಹೇಳಲಾಗದ ಇಂಥ ಕಡೆಗೆಂದೇ ಎಚ್‌ಟಿಎಂಎಲ್‌ನಲ್ಲಿ ‘ಲ್ಯಾಂಗ್’ ಅನ್ನುವ ಗುರುತು ಇದೆ. ಕನ್ನಡಕ್ಕೆ ಕೆಎನ್, ತುಳುವಿಗೆ ಟಿಸಿವೈ. ತುಳು ಪುಟಕ್ಕೆ ಕೆಎನ್ ಅಂತ ಹಾಕಿದರೂ ವ್ಯಾಲಿಡೇಟರ್ ಅದನ್ನು ಸರಿಯಾದ ಗುರುತು ಅಂತಲೇ ಒಪ್ಪುತ್ತದೆ. ಸಿಂಟ್ಯಾಕ್ಸ್ ಸರಿ, ಹೇಳಿದ್ದು ಸುಳ್ಳು!

ಲಿಪಿ ಒಂದೇ ತಾನೇ, ಏನು ಮಹಾ ಅಂತ ಕೆಲವರು ಕೇಳಬಹುದು. ಕಣ್ಣಲ್ಲಿ ಓದುವ ನಮಗೆ ಏನೂ ಅಲ್ಲ. ಆದರೆ ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಯಾವ ಧ್ವನಿಯಲ್ಲಿ ಓದಬೇಕು ಅಂತ ನಿರ್ಧರಿಸುವುದಕ್ಕೆ ಈ ಗುರುತನ್ನೇ ನೋಡುತ್ತದೆ. ಕನ್ನಡ ಅಂತ ತಿಳಿದ ಅನುವಾದ ತಂತ್ರಾಂಶ ‘ನಾಳೆ ಬನ್ನಿ’ ಅನ್ನುವುದನ್ನು ‘ಗಡಿಯ ಬಲೆ’ ಮಾಡಿಬಿಡಬಹುದು. ಅದಕ್ಕಿಂತ ಹೆಚ್ಚಾಗಿ, ಕನ್ನಡ ಅಂತ ಹಣೆಪಟ್ಟಿ ಹಚ್ಚಿಕೊಂಡ ತುಳು, ಲೆಕ್ಕಕ್ಕೆ ಕನ್ನಡವೇ ಆಗಿಬಿಡುತ್ತದೆ. ೨೦೧೬ರಲ್ಲಿ ತುಳು ವಿಕಿಪೀಡಿಯ ಬಂತು, ೨೦೨೪ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿತು. ಇಷ್ಟೆಲ್ಲ ಆದ ಮೇಲೂ ನಮ್ಮ ಪುಟದ ಭಾಷೆ ಯಾವುದು ಅಂತ ನಾವೇ ತಪ್ಪು ಹೇಳುತ್ತಿದ್ದರೆ ಬೇರೆಯವರನ್ನು ದೂರಿ ಏನು ಪ್ರಯೋಜನ? ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿ, ಬ್ಯಾರಿಗೂ ಇದೇ ಮಾತು.

ಹಾಗಂತ ಸಿಂಟ್ಯಾಕ್ಸ್ ಬೇಡವೇ ಬೇಡ ಅಂತಲ್ಲ. ವ್ಯಾಕರಣವಿಲ್ಲದೆ ಮಾತು ನಿಲ್ಲುವುದಿಲ್ಲ. ಆದರೆ ವ್ಯಾಕರಣ ಸರಿಯಾದ ಸುಳ್ಳೂ ಸುಳ್ಳೇ ತಾನೇ :)

ನೀವು ಪುಟ ಮಾಡುವವರಾದರೆ ಇಷ್ಟು ಮಾಡಿ ಸಾಕು. ತಲೆಬರಹವನ್ನು ಬರೀ ದಪ್ಪ ಅಕ್ಷರ ಮಾಡಿ ಬಿಡಬೇಡಿ, ತಲೆಬರಹದ ಟ್ಯಾಗನ್ನೇ ಹಾಕಿ. ಪುಟ ಯಾವ ಭಾಷೆಯದ್ದೋ ಅದನ್ನೇ ಹೇಳಿ. ಕನ್ನಡ ಲೇಖನದ ನಡುವೆ ಒಂದು ತುಳು ಗಾದೆ ಬಂದರೆ ಅಷ್ಟಕ್ಕೇ ಬೇರೆ ಗುರುತು ಹಾಕಿ. ಇಷ್ಟಕ್ಕೆ ಒಂದು ನಿಮಿಷವೂ ಬೇಡ.

ಏನಂತೀರಿ?