ಆ ತಟ್ಟೆಗೆ ಕೈ ಹಾಕಬೇಡಿ

ನಮ್ಮವ್ವ ತತ್ತಿಯನ್ನು ದಾರದಿಂದ ಕೊಯ್ಯುತ್ತಿದ್ದಳು. ಚಾಕು ಹಚ್ಚಿದರೆ ಒಳಗಿನ ಹಳದಿ ಪುಡಿಯಾಗಿ ಚಾಕುವಿಗೇ ಅಂಟುತ್ತದೆ, ಅಷ್ಟು ಹಾಳಾಗುವುದನ್ನೂ ಅವಳ ಜೀವ ಒಪ್ಪುತ್ತಿರಲಿಲ್ಲ. ಕೌದಿ ಹೊಲಿಯುವ ದಾರದ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿ ಬಲಗೈಯಲ್ಲಿ ಬಿಗಿಹಿಡಿದು, ಕುದಿಸಿದ ಒಂದು ತತ್ತಿಯನ್ನು ನಾಲ್ಕು ಪಾಲು ಮಾಡುತ್ತಿದ್ದಳು. ನಾವು ನಾಲ್ಕು ಮಕ್ಕಳು. ದಾರಕ್ಕೆ ಹತ್ತಿದ ಹಳದಿ ಅವಳ ಪಾಲು. ಅದೂ ಯಾವಾಗಲೋ ಒಮ್ಮೆ, ಕೋಳಿ ಇಟ್ಟ ತತ್ತಿಗಳನ್ನು ಮಾರಿ ಉಪ್ಪು-ಎಣ್ಣೆ ತಂದ ಮೇಲೆ ಒಂದು ಉಳಿದರೆ.

ಹೀಗಾಗಿ ಶಾಲೆಯ ತತ್ತಿಯ ವಿಷಯ ಬಂದಾಗ ನನ್ನಿಂದ ಸಮಾಧಾನದ ಮಾತು ಬರುವುದಿಲ್ಲ.

2021ರ ಡಿಸೆಂಬರಿನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರ ಸೇರಿ 7 ಜಿಲ್ಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿತು. ಬೀದರ, ರಾಯಚೂರು, ಯಾದಗಿರಿ ಎಂದರೆ ಸಾಕು, ಹಸಿವಿನ ಲೆಕ್ಕ ಬೇರೆ ಬಿಡಿಸಿ ಹೇಳಬೇಕಿಲ್ಲ. ತತ್ತಿ ಒಲ್ಲೆ ಎಂದ ಮಗುವಿಗೆ ಬಾಳೆಹಣ್ಣು ಎಂದು ಆದೇಶದಲ್ಲೇ ಇತ್ತು. ಆದರೂ ಕೆಲವು ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಶಾಲೆಗಳು ಮಿಲಿಟರಿ ಹೋಟೆಲ್ ಆಗುತ್ತವೆ ಎಂಬ ಮಾತೂ ಬಂತು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಎದ್ದು ನಿಂತು, ತತ್ತಿ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದಳು. ಆ ವಿಡಿಯೊ ನೋಡಿ ನಾನು ಅತ್ತಿದ್ದೇನೆ. ನಮ್ಮ ತಲೆಮಾರು ಭಾಷಣಗಳಲ್ಲಿ ಹೇಳಲು ಒದ್ದಾಡಿದ್ದನ್ನು ಆ ಕೂಸು ಒಂದೇ ಉಸಿರಿನಲ್ಲಿ ಹೇಳಿತ್ತು.

ಒಂದು ಮಾತು ಸ್ಪಷ್ಟವಾಗಿರಲಿ. ತತ್ತಿ ತಿನ್ನದ ಮನೆಯ ಮಗುವಿಗೆ ಒಬ್ಬ ಮಾಸ್ತರ ಒತ್ತಾಯದಿಂದ ತತ್ತಿ ತಿನ್ನಿಸಿದರೆ ನಾನು ಆ ಮಗುವಿನ ಪರವಾಗಿ ಶಾಲೆಯ ಬಾಗಿಲಲ್ಲಿ ಕೂತು ಧರಣಿ ಮಾಡುತ್ತೇನೆ. ಆ ಮನೆಯ ನಂಬಿಕೆ ಆ ಮನೆಯದು. ತಮ್ಮ ಮಗನಿಗೆ ಬೇಡ ಎನ್ನುವ ಹಕ್ಕು ತಂದೆತಾಯಿಗೆ ಇದೆ, ಇರಲೇಬೇಕು. ಆದರೆ ಪಕ್ಕದಲ್ಲಿ ಕೂತ ಮಗುವಿಗೂ ಬೇಡ ಎನ್ನುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು? ಆ ಮಗುವಿಗೂ ಒಬ್ಬ ತಾಯಿ ಇದ್ದಾಳಲ್ಲ! ಹತ್ತಿ ಬಿಡಿಸಲು ಹೊತ್ತು ಮೂಡುವ ಮುಂಚೆ ಹೊರಟುಹೋಗುವ ಆ ತಾಯಿ ಮನವಿ ಪತ್ರ ಬರೆಯುವುದಿಲ್ಲ, ಜಿಲ್ಲಾಧಿಕಾರಿ ಕಚೇರಿಯ ಮುಂದೆ ನಿಲ್ಲುವುದಿಲ್ಲ. ಮಗ ಮಧ್ಯಾಹ್ನ ಶಾಲೆಯಲ್ಲಿ ಉಣ್ಣುತ್ತಾನೆ ಎಂಬ ಧೈರ್ಯದ ಮೇಲೆ ಹೊಲಕ್ಕೆ ಹೋಗುತ್ತಾಳೆ. ಪಾಲಕರ ಆಯ್ಕೆ ಎಂದು ಇವರು ಕೂಗುವಾಗ ಅವಳನ್ನು ಪಾಲಕಳು ಎಂದು ಎಣಿಸುವುದೇ ಇಲ್ಲ.

2025ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ಇದೇ ನಡೆಯಿತು. ಶಾಲೆ ವೀರಭದ್ರೇಶ್ವರ ಗುಡಿಯ ಹತ್ತಿರ ಇದೆ, ಅಲ್ಲಿ ತತ್ತಿ ಬೇಯಿಸಬಾರದು ಎಂದು ಹಟ ಹಿಡಿದ ಪಾಲಕರು ಹತ್ತಾರು ಮಕ್ಕಳನ್ನು ಶಾಲೆ ಬಿಡಿಸಿದರು. ತತ್ತಿ ಬೇಕು ಎಂದ ಪಾಲಕರೂ ಅದೇ ಊರಲ್ಲಿದ್ದರು. ಅದೇ ವರ್ಷ ಚಾಮರಾಜನಗರ ಜಿಲ್ಲೆಯ ಹೊಮ್ಮದಿಂದ ಬಂದ ಸುದ್ದಿ ನೆನಪಿದೆಯೇ? ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾದ ಮೇಲೆ ಪಾಲಕರು ಒಬ್ಬೊಬ್ಬರಾಗಿ ಮಕ್ಕಳ ಟಿ.ಸಿ. ತೆಗೆಸಿದರು, ಶಾಲೆಯಲ್ಲಿ ಒಂದೇ ಮಗು ಉಳಿಯಿತು ಎಂದು ಪತ್ರಿಕೆಗಳು ಬರೆದವು. ಕಲಿಕೆಯ ಗುಣಮಟ್ಟ ಚೆನ್ನಾಗಿರಲಿಲ್ಲ ಎಂಬ ಸಮಜಾಯಿಷಿಯೂ ಹಿಂದೆಯೇ ಬಂತು. ಎರಡೂ ಊರುಗಳನ್ನು ನಾನು ಒಟ್ಟಿಗೆ ಹೆಸರಿಸಿದ್ದಕ್ಕೆ ಸಿಟ್ಟಾಗುವವರು ಆಗಲಿ. ಒಂದು ಕಡೆ ತತ್ತಿ ಮೈಲಿಗೆ, ಇನ್ನೊಂದು ಕಡೆ ತತ್ತಿ ಬೇಯಿಸುವ ಕೈ ಮೈಲಿಗೆ. ಇಂದು ಪಾತ್ರೆಯಲ್ಲಿ ಏನಿರಬೇಕು ಎಂದು ತೀರ್ಮಾನಿಸಲು ಬಿಟ್ಟರೆ, ಆ ಪಾತ್ರೆಯನ್ನು ಯಾರು ಮುಟ್ಟಬೇಕು ಎಂಬ ಪ್ರಶ್ನೆ ನಾಳೆ ಬಂದೇ ಬರುತ್ತದೆ. ಹೊಮ್ಮದಲ್ಲಿ ಅದು ಬಂದಾಗಿದೆ.

ಸಾತ್ವಿಕ ಆಹಾರ ಎಂಬ ಮಾತನ್ನು ಕೇಳಿ ಕೇಳಿ ನನ್ನ ಕಿವಿ ಹಣ್ಣಾಗಿದೆ. 2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ನಮ್ಮ ರಾಜ್ಯದಲ್ಲಿ ಸಿದ್ಧವಾದ ಒಂದು ವರದಿಯು ಭಾರತೀಯರ ಸಣ್ಣ ಮೈಕಟ್ಟಿಗೆ ತತ್ತಿ, ಮಾಂಸ ಹೆಚ್ಚಾಗಿ ರೋಗ ಬರುತ್ತದೆ ಎಂದು ಬರೆಯಿತು. ಮೈಕಟ್ಟು ಸಣ್ಣದಾಗಿದ್ದು ಯಾಕೆ ಎಂದು ಆ ವರದಿ ಕೇಳಿಕೊಳ್ಳಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, 65 ಮಕ್ಕಳಿಗೆ ರಕ್ತಹೀನತೆ ಇದೆ. ಅದೇ ಮಕ್ಕಳು ತಾನೆ ಮುಂದೆ ಒಂದನೇ ತರಗತಿಗೆ ಬರುವುದು? ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು. ಪ್ರತಿ ಮಗುವಿಗೆ ದಿನಕ್ಕೆ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬಿಸಿ ಊಟ ಕೊಡಿ ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲೇ ಆದೇಶಿಸಿತು. ಅದು ಮಗುವಿನ ಹಕ್ಕು. ದಾನವೆಂದು ಕೊಡುವವರು ತಮ್ಮ ವ್ರತವನ್ನೂ ಅದಕ್ಕೆ ಕಟ್ಟಿ ಕಳಿಸುತ್ತಾರೆ. ಶಾಲೆಗಳಿಗೆ ಬಿಸಿಯೂಟ ಮಾಡಿ ಕಳಿಸುವ ಅಕ್ಷಯ ಪಾತ್ರ ಸಂಸ್ಥೆಯ ಸಾರಿನಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇರುವುದಿಲ್ಲ. ಆ ಅಡುಗೆಗೂ ಸರ್ಕಾರದ ಅಕ್ಕಿಯಿದೆ, ಸರ್ಕಾರದ ದುಡ್ಡಿದೆ. ಹಾಗಿದ್ದ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ಸಾರೇ ಊಟ ಎಂದುಕೊಂಡು ಬೆಳೆದ ಮಕ್ಕಳ ನಾಲಿಗೆ ಯಾರ ವ್ರತಕ್ಕಾಗಿ ಬದಲಾಗಬೇಕು?

ಮಠಗಳ ಅನ್ನದ ಋಣ ಈ ನಾಡಿನ ಮೇಲಿದೆ, ನಾನು ಅದನ್ನು ಮರೆತಿಲ್ಲ. ಸಿದ್ಧಗಂಗೆಯಲ್ಲಿ ಉಂಡು ಓದಿದ ಬಡವರ ಮಕ್ಕಳು ಎಲ್ಲ ಜಾತಿಗಳಲ್ಲಿದ್ದಾರೆ. ಮಠದ ಪಂಕ್ತಿಯಲ್ಲಿ ಕೂತಾಗ ಮಠದ ನಿಯಮಕ್ಕೆ ತಲೆಬಾಗುತ್ತೇನೆ. ಸರ್ಕಾರಿ ಶಾಲೆ ಮಠವಲ್ಲ. ಬಿಸಿಯೂಟಕ್ಕೆ ನಮ್ಮ ರಾಜ್ಯ ಅಕ್ಷರ ದಾಸೋಹ ಎಂದು ಹೆಸರಿಟ್ಟಿದೆ. ಆ ದಾಸೋಹದ ಮಾತು ಹುಟ್ಟಿದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯನ ಹೆಸರಿಗೆ, ಡೋಹರ ಕಕ್ಕಯ್ಯನ ಹೆಸರಿಗೆ ಎಂಥ ಗೌರವವಿತ್ತು ಎಂದು ಆ ಪೀಠಗಳಲ್ಲಿ ಕೂತವರಿಗೆ ನಾನು ಹೇಳಿಕೊಡಬೇಕೇ?

ಹೋದ ವರ್ಷ ನಮ್ಮ ಕಡೆಯ ಒಂದು ಶಾಲೆಯ ಅಡುಗೆ ಕೋಣೆಯ ಹೊಸ್ತಿಲ ಮೇಲೆ ಅರ್ಧ ತಾಸು ಕೂತಿದ್ದೆ. ಒಳಗೆ ಇಬ್ಬರು ಹೆಣ್ಣುಮಕ್ಕಳು ತತ್ತಿ ಸುಲಿಯುತ್ತಿದ್ದರು. ಬಿಸಿ ಆರುವ ತನಕ ಕಾಯಲು ಹೊತ್ತಿಲ್ಲ, ತಣ್ಣೀರ ಬೋಗುಣಿಯಲ್ಲಿ ಅದ್ದಿ, ನೆಲಕ್ಕೆ ಒಮ್ಮೆ ತಟ್ಟಿ, ಹೆಬ್ಬೆರಳಿನಿಂದ ಸಿಪ್ಪೆ ತಳ್ಳುತ್ತಿದ್ದರು. ಹೆಬ್ಬೆರಳಿನ ತುದಿ ಬಿಳಚಿಕೊಂಡು ನೆರಿಗೆ ಬಿದ್ದಿತ್ತು. ಪಕ್ಕದ ಬುಟ್ಟಿಯಲ್ಲಿ, ತತ್ತಿ ಒಲ್ಲದ ಮಕ್ಕಳಿಗೆ ಎಣಿಸಿಟ್ಟ ಬಾಳೆಹಣ್ಣು. “ಯಾರಿಗೆ ಏನು ಅಂತ ನಮಗ ಬಾಯಿಪಾಠ ಐತ್ರಿ ಅಣ್ಣಾ, ಜಗಳ ಏನಿಲ್ಲ” ಎಂದಳು ಹಿರಿಯಳು. ಗಂಟೆ ಹೊಡೆಯಿತು. ಮಕ್ಕಳು ಸಾಲಾಗಿ ಬಂದರು. ಒಬ್ಬ ಹಣ್ಣು ತೆಗೆದುಕೊಂಡ, ಹಿಂದಿನವಳು ತತ್ತಿ ತೆಗೆದುಕೊಂಡಳು, ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಉಂಡರು. ಯಾವ ಧರ್ಮವೂ ಅಲ್ಲಿ ಕೆಡಲಿಲ್ಲ.

ಒಂದು ತತ್ತಿ ಸುಲಿದರೆ ಸರ್ಕಾರ ಅಡುಗೆಯಾಕೆಗೆ ಕೊಡುವುದು 30 ಪೈಸೆ. ತಿಂಗಳ ಗೌರವಧನ ಐದು ಸಾವಿರವನ್ನೂ ಮುಟ್ಟಿಲ್ಲ. ಮಕ್ಕಳ ಊಟದ ಬಗ್ಗೆ ಅಷ್ಟು ಕಾಳಜಿ ಇರುವ ಪೂಜ್ಯರು ಆಕೆಯ ಕೂಲಿಗಾಗಿ ಒಂದು ದಿನ ಫ್ರೀಡಂ ಪಾರ್ಕಿನಲ್ಲಿ ಬಂದು ಕೂರಲಿ. ನಾನೂ ಬಂದು ಪಕ್ಕದಲ್ಲಿ ಕೂರುತ್ತೇನೆ.