ಗೃಹವಿಚಾರ: ಒಂದೇ ಯಂತ್ರವೋ, ಹಲವೋ?

ದೂರವಾಣಿ, ಗಡಿಯಾರ, ದೀಪ, ಛಾಯಾಚಿತ್ರಯಂತ್ರ, ಹಣದ ಚೀಲ ಇವೆಲ್ಲವೂ ಇಂದು ಅಂಗೈಯಗಲದ ಮೊಬೈಲಿನಲ್ಲಿ ಅಡಕವಾಗಿರುವವು. ಈ ಸೌಕರ್ಯವನ್ನು ನಾವು ಹಳಿಯುವವರಲ್ಲ. ಆದರೆ ಗೃಹಸ್ಥರು ವಿಚಾರಿಸತಕ್ಕ ಮಾತೊಂದುಂಟು.

ಕಳೆದ ಮಳೆಗಾಲದ ಒಂದು ರಾತ್ರಿ ಜಲನಗರದ ನಮ್ಮ ಮನೆಯಲ್ಲಿ ವಿದ್ಯುತ್ತು ಹೋಯಿತು. ಮೊಬೈಲಿನ ದೀಪವನ್ನೇ ಬೆಳಗಿಸಿಕೊಂಡು ಕುಳಿತೆವು. ನಡುರಾತ್ರಿ ವೃದ್ಧ ತಾಯಿಯವರಿಗೆ ಉಬ್ಬಸ ಹೆಚ್ಚಿತು. ವೈದ್ಯರನ್ನು ಕರೆಯಬೇಕೆನ್ನುವಷ್ಟರಲ್ಲಿ ಬ್ಯಾಟರಿ ಬರಿದಾಗಿ ದೀಪವೂ ಆರಿತು, ದೂರವಾಣಿಯೂ ಮೂಕವಾಯಿತು. ನೆರೆಮನೆಯವರ ಮೊಬೈಲು ದೊರೆಯಿತಾದರೂ ವೈದ್ಯರ ಸಂಖ್ಯೆ ನಮಗೆ ನೆನಪಿರಲಿಲ್ಲ. ಕೊನೆಗೆ ಅವರ ವಾಹನದಲ್ಲಿಯೇ ಆಸ್ಪತ್ರೆ ಸೇರಿದೆವು.

ನಮ್ಮ ವಿಜಯಪುರದ ಹಿಂದಿನವರ ನೀರಿನ ಏರ್ಪಾಡನ್ನು ನೋಡಿರಿ. 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿ, ಮಣ್ಣಿನ ಕೊಳವೆಗಳ ಮೂಲಕ ಪಟ್ಟಣಕ್ಕೆ ನೀರು ತಂದರು. ಆದರೂ 1620ರ ತಾಜ್ ಬಾವಡಿಯನ್ನು ಮುಚ್ಚಲಿಲ್ಲ. ಕೊಳವೆ ಒಡೆದರೂ ಬಾವಿಯಿತ್ತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಹಾಡು, ಚಿತ್ರ, ಲೆಕ್ಕ ಮೊದಲಾಗಿ ನಾಳೆಯವರೆಗೆ ಕಾಯಬಹುದಾದ ಕೆಲಸಗಳು ಒಂದೇ ಯಂತ್ರದಲ್ಲಿರಲಿ. ಆಪತ್ಕಾಲದಲ್ಲಿ ಒಟ್ಟಿಗೆ ಬೇಕಾಗುವ ದೀಪವನ್ನೂ ದೂರವಾಣಿಯನ್ನೂ ಒಂದೇ ಬ್ಯಾಟರಿಗೆ ಕಟ್ಟಿಹಾಕಬಾರದು. ಮನೆಯಲ್ಲೊಂದು ಟಾರ್ಚು ಬೇರೆ ಇರಲಿ; ವೈದ್ಯರ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿರಿ.

ನಮ್ಮ ಮನೆಯಲ್ಲಿ ಈಗ ಹಾಗೆಯೇ ಇದೆ. ತಾಯಿಯವರು ಟಾರ್ಚನ್ನು ತಲೆದಿಂಬಿನ ಮಗ್ಗುಲಲ್ಲಿಯೇ ಇಟ್ಟುಕೊಂಡು ಮಲಗುತ್ತಾರೆ.